ಸರ್ವಿಸ್ ಎಸ್ಟಿಮೇಟ್ 14,410 ರೂಪಾಯಿ: ಕಟ್ಟಬೇಕಾ, ಬೇಡ್ವಾ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

 

ಹೋದ ತಿಂಗಳು ಒಂದಿನ ಬೆಳಗ್ಗೆ ಹನ್ನೊಂದು ಗಂಟೆಗೆ ನನ್ನ ಸೋದರಮಾವ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ರು. ಕಾರ್ ಸರ್ವಿಸ್‌ನ ಎಸ್ಟಿಮೇಟ್. ಅದರ ಕೆಳಗೆ ಒಂದು ವಾಯ್ಸ್ ನೋಟ್: "ನೋಡಪ್ಪಾ, ಹದಿನಾಲ್ಕು ಸಾವಿರದ ನಾನೂರ ಹತ್ತು ಅಂತ ಬರ್ದವ್ರೆ. ಬ್ಯಾಡ ಅಂದ್ರೆ ವಾರಂಟಿ ಹೋಗುತ್ತೆ ಅಂತಾವ್ರೆ. ಹತ್ತು ನಿಮಿಷದಾಗೆ ಹೇಳ್ಬೇಕಂತೆ. ಏನ್ ಮಾಡ್ಲಿ?"

ಮಾವ ಇರೋದು ಪಾವಗಡ ತಾಲ್ಲೂಕಿನ ವಳ್ಳೂರಲ್ಲಿ. ಹೆಸರು ಕೇಳಿದ ಹಾಗಿದೆ ಅನ್ನಿಸಿದ್ರೆ ಅದು ಸೋಲಾರ್ ಪಾರ್ಕ್‌ನಿಂದ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ವಳ್ಳೂರು, ಈ ಐದೂರಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಪಾರ್ಕ್ ಇದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ಜಮೀನನ್ನ ರೈತರಿಂದ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡ್ರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಆ ದುಡ್ಡು ಕೂಡಿಟ್ಟು, ಉಳಿದದ್ದಕ್ಕೆ ಸಾಲ ಮಾಡಿ ಮಾವ ಒಂದು ಸಣ್ಣ ಪೆಟ್ರೋಲ್ ಕಾರ್ ತಗೊಂಡ್ರು. ಶೋಕಿಗಲ್ಲ. ಅತ್ತೆಗೆ ತಿಂಗಳಿಗೊಂದು ಸಲ ಬೆಂಗಳೂರಿನ ಆಸ್ಪತ್ರೆಗೆ ಹೋಗ್ಲೇಬೇಕು, ಬಸ್ಸಲ್ಲಿ ಅಷ್ಟು ಹೊತ್ತು ಕೂರೋಕಾಗಲ್ಲ.

ಈಗ ಲೆಕ್ಕ ನೋಡಿ. 14,410 ಅಂದ್ರೆ ಮೊದಲ ದರದ ಪ್ರಕಾರ ಒಂದೆಕರೆಯ ವರ್ಷದ ಗುತ್ತಿಗೆಯಲ್ಲಿ ಮೂರರಲ್ಲಿ ಎರಡು ಭಾಗ. ಒಂದು ಸರ್ವಿಸ್‌ಗೆ! ಆದ್ರೆ ಮಾವನ ಭಯವೂ ಸುಳ್ಳಲ್ಲ. ದುಡ್ಡು ಉಳಿಸೋಕೆ ಹೋಗಿ, ಅತ್ತೆಯನ್ನ ಕೂರಿಸಿಕೊಂಡು ಮಧುಗಿರಿ ರಸ್ತೆಯಲ್ಲಿ ಗಾಡಿ ನಿಂತ್ರೆ?

ನಾನು ಮೆಕ್ಯಾನಿಕ್ ಅಲ್ಲ. ಒಂದೇ ಪ್ರಶ್ನೆ ಕೇಳಿದೆ: "ಮಾವ, ಡ್ಯಾಶ್‌ಬೋರ್ಡ್ ಡಬ್ಬಿಯೊಳಗೆ ಕಾರ್ ಜೊತೆ ಕೊಟ್ಟ ಪುಸ್ತಕ ಐತಾ? ಅದ್ರಲ್ಲಿ ಸರ್ವಿಸ್ ಶೆಡ್ಯೂಲ್ ಅಂತ ಒಂದು ಟೇಬಲ್ ಇರುತ್ತೆ. ಅದರ ಫೋಟೋ ಹಾಕಿ."

ಇವತ್ತಿನ ಮಾತೆಲ್ಲ ಆ ಟೇಬಲ್ ಬಗ್ಗೆನೇ. ಕಾರ್ ತಯಾರಿಸಿದ ಕಂಪನಿ ಒಂದು. ನಿಮಗೆ ಸರ್ವಿಸ್ ಮಾಡಿಕೊಡೋ ಡೀಲರ್ ಇನ್ನೊಂದು. ಬೋರ್ಡ್ ಮೇಲೆ ಕಂಪನಿ ಹೆಸರೇ ಇದ್ರೂ ಡೀಲರ್ ಬೇರೆ ಮಾಲೀಕರ ಬೇರೆ ವ್ಯಾಪಾರ. ವಾರಂಟಿ ಕೊಡೋದು ಕಂಪನಿ, ಅದಕ್ಕೆ ಏನೇನು ಮಾಡಿಸಬೇಕು ಅನ್ನೋದನ್ನ ಅದೇ ಪುಸ್ತಕದಲ್ಲಿ ಬರೆದಿರುತ್ತೆ. ಎಸ್ಟಿಮೇಟ್ ಬರೆಯೋದು ಡೀಲರ್. ಎರಡೂ ಒಂದೇ ಕಾಗದ ಅಂದುಕೊಂಡ್ರೆ ಅಲ್ಲೇ ಜೇಬು ಹರಿಯೋದು.

ಮಾವನ ಕಾರಿಗೆ ಎರಡು ವರ್ಷ, ಓಡಿರೋದು 18,600 ಕಿಲೋಮೀಟರ್. ಶೆಡ್ಯೂಲ್ ಪ್ರಕಾರ 20,000 ಕಿಲೋಮೀಟರ್ ಅಥವಾ 24 ತಿಂಗಳು, ಯಾವುದು ಮೊದಲೋ ಅದು. 'ಇನ್ನೂ 1,400 ಬಾಕಿ ಇದೆ' ಅಂತ ಕಾಯೋ ಹಾಗಿಲ್ಲ, ತಿಂಗಳ ಲೆಕ್ಕದಲ್ಲಿ ಅವಧಿ ಬಂದಾಯ್ತು. ಕಡಿಮೆ ಓಡಿಸೋರು ಬಹಳ ಜನ ಇಲ್ಲೇ ಎಡವೋದು.

ಎರಡೂ ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆ. ಎಸ್ಟಿಮೇಟ್‌ನಲ್ಲಿ ಎಂಜಿನ್ ಆಯಿಲ್ 1,980. ಆಯಿಲ್ ಫಿಲ್ಟರ್, ಡ್ರೈನ್ ವಾಷರ್ ಸೇರಿ 150. ಏರ್ ಫಿಲ್ಟರ್ 420. ಎಸಿ ಫಿಲ್ಟರ್ 480. ಲೇಬರ್ 1,850. ಒಟ್ಟು 4,880. ಇವೆಲ್ಲ ಪುಸ್ತಕದಲ್ಲಿವೆ, ತಕರಾರಿಲ್ಲ. ಆಮೇಲೆ ವೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ 950. ಇದು ಬೇಕಿದ್ರೆ ಮಾತ್ರ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಾ? ಟೈರ್ ಒಂದು ಅಂಚಲ್ಲಿ ಮಾತ್ರ ಸವೆದಿದೆಯಾ? ಸ್ಪೀಡಲ್ಲಿ ಸ್ಟೀರಿಂಗ್ ಅದುರುತ್ತಾ? ಮೂರಕ್ಕೂ ಮಾವ "ಇಲ್ಲ" ಅಂದ್ರು.

ಮಿಕ್ಕಿದ್ದು ಕೇಳಿ. ಎಂಜಿನ್ ಫ್ಲಶ್ 560, ಥ್ರಾಟಲ್ ಬಾಡಿ ಕ್ಲೀನಿಂಗ್ 790, ಇಂಜೆಕ್ಟರ್ ಕ್ಲೀನರ್ 480, ಎಸಿ ಡಿಸ್‌ಇನ್ಫೆಕ್ಷನ್ 1,150, ಅಂಡರ್‌ಬಾಡಿ ಕೋಟಿಂಗ್ 2,700, ಒಳಗಡೆ ಕ್ಲೀನಿಂಗ್ 1,300, ಪಾಲಿಶ್ 1,600. ಒಟ್ಟು 8,580. ಈ ಏಳರಲ್ಲಿ ಒಂದೂ ಆ ಟೇಬಲ್‌ನಲ್ಲಿ ಇಲ್ಲ. ವರ್ಕ್‌ಶಾಪ್ ಭಾಷೆಯಲ್ಲಿ ಇವಕ್ಕೆ 'ವ್ಯಾಲ್ಯೂ ಆಡೆಡ್ ಸರ್ವಿಸ್' ಅಂತಾರೆ. ಯಾರಿಗೆ ವ್ಯಾಲ್ಯೂ ಅಂತ ಮಾತ್ರ ಹೇಳಲ್ಲ.

ಎಲ್ಲವೂ ಮೋಸ ಅಂತ ನಾನು ಹೇಳ್ತಿಲ್ಲ. ಎಸಿ ಹಾಕಿದ ಕೂಡಲೇ ಮುಗ್ಗಲು ವಾಸನೆ ಬಂದ್ರೆ ಆ ಡಿಸ್‌ಇನ್ಫೆಕ್ಷನ್‌ಗೆ ಅರ್ಥ ಇದೆ. ಗಾಡಿ ಐಡಲ್‌ನಲ್ಲಿ ಏರಿಳಿತ ಮಾಡ್ತಿದ್ರೆ ಥ್ರಾಟಲ್ ಬಾಡಿ ಬಿಚ್ಚಿ ನೋಡಬೇಕು. ಅಂಡರ್‌ಬಾಡಿ ಕೋಟಿಂಗ್ ಮಂಗಳೂರು, ಕಾರವಾರದ ಕಡೆ, ಉಪ್ಪು ಗಾಳಿ, ಆರು ತಿಂಗಳು ಮಳೆ ಇರೋ ಕಡೆ ಮಾಡಿಸಿದ್ರೆ ಒಪ್ಪಬಹುದು. ಪಾವಗಡಕ್ಕೆ? ಬರಪೀಡಿತ ತಾಲ್ಲೂಕು ಅಂತಲೇ ಹೆಸರಾದ ಊರಲ್ಲಿ, ಎರಡು ವರ್ಷದ ಕಾರಿಗೆ ತುಕ್ಕಿನ ಭಯ ಹುಟ್ಟಿಸಿ 2,700 ಕೇಳೋದು ಸ್ವಲ್ಪ ಜಾಸ್ತಿನೇ ಆಯ್ತು. ತೊಂದರೆ ಕಾಣಿಸಿದ್ರೆ ಮದ್ದು ತಗೋಬೇಕು. ಕಾಣಿಸದಿದ್ರೆ ಅದು ನಿಮ್ಮ ಇಷ್ಟ, ವಾರಂಟಿಗೂ ಅದಕ್ಕೂ ಸಂಬಂಧ ಇಲ್ಲ.

ಆದ್ರೆ ಇನ್ನೊಂದು ಕಂಡಿತು. ಪುಸ್ತಕದಲ್ಲಿ ಎರಡು ವರ್ಷಕ್ಕೆ ಬ್ರೇಕ್ ಫ್ಲೂಯಿಡ್ ಬದಲಿಸಿ ಅಂತ ಇದೆ. ಎಸ್ಟಿಮೇಟ್‌ನಲ್ಲಿ ಅದು ಇಲ್ಲವೇ ಇಲ್ಲ! ಪಾಲಿಶ್ ಇದೆ, ಬ್ರೇಕ್ ಫ್ಲೂಯಿಡ್ ಇಲ್ಲ. ಆ ದ್ರವ ಗಾಳಿಯಿಂದ ತೇವ ಹೀರ್ಕೊಳ್ತಾ ಹೋಗುತ್ತೆ. ತೇವ ಹೆಚ್ಚಾದಷ್ಟೂ ಕಡಿಮೆ ಶಾಖಕ್ಕೇ ಕುದಿಯುತ್ತೆ, ಪದೇ ಪದೇ ಬ್ರೇಕ್ ಒತ್ತಿ ಬಿಸಿಯಾದಾಗ ಪೆಡಲ್ ಮೆತ್ತಗಾಗಬಹುದು. ಬೇಕಂತಲೇ ಬಿಟ್ಟರೋ ಮರೆತರೋ ದೇವರಿಗೇ ಗೊತ್ತು. ಅದಕ್ಕೇ ಪುಸ್ತಕ ನೋಡಿ ಅಂತ ನಾನು ಹೇಳೋದು ಖರ್ಚು ಕಮ್ಮಿ ಮಾಡೋಕೆ ಮಾತ್ರ ಅಲ್ಲ.

ಏರ್ ಫಿಲ್ಟರ್ ವಿಚಾರ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಬಹುತೇಕ ಕಾರುಗಳ ಪುಸ್ತಕದಲ್ಲಿ ಎರಡು ಟೇಬಲ್ ಇರುತ್ತೆ. ಒಂದು ಸಾಮಾನ್ಯ ಬಳಕೆಗೆ. ಇನ್ನೊಂದು, ಸಾಮಾನ್ಯವಾಗಿ ಹಿಂದಿನ ಪುಟದಲ್ಲಿ ಸಣ್ಣಕ್ಷರದಲ್ಲಿ, ಕಷ್ಟದ ಬಳಕೆಗೆ: ಧೂಳಿನ ರಸ್ತೆ, ಬಿಸಿಲು, ಪದೇ ಪದೇ ಸಣ್ಣ ಓಡಾಟ. ಆ ಎರಡನೇ ಟೇಬಲ್‌ನಲ್ಲಿ ಆಯಿಲ್, ಏರ್ ಫಿಲ್ಟರ್ ಅವಧಿ ಕಡಿಮೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ನಿಲ್ಲೋ ಕಾರಿಗೆ ಎರಡು ವರ್ಷಕ್ಕೆ ಏರ್ ಫಿಲ್ಟರ್ ಬದಲಿಸ್ತೀವಿ ಅಂದ್ರೆ ನಾನು 'ಮೊದಲು ಬಿಚ್ಚಿ ತೋರಿಸಿ' ಅಂತೀನಿ. ವಳ್ಳೂರಲ್ಲಿ ಹಾಗಲ್ಲ. ಪ್ಯಾನೆಲ್ ಮೇಲೆ ಕೂತ ಧೂಳು ತೊಳೆಯೋದೇ ಒಂದು ಉದ್ಯೋಗ ಆಗಿರೋ ಊರದು. ಅದೇ ಧೂಳನ್ನ ಎಂಜಿನ್ನೂ ಎಳ್ಕೊಳ್ಳುತ್ತೆ. "420 ಕಣ್ಣುಮುಚ್ಚಿ ಕೊಡಿ ಮಾವ" ಅಂದೆ.

ಈಗ 'ವಾರಂಟಿ ಹೋಗುತ್ತೆ' ಅನ್ನೋ ಮಾತಿಗೆ ಬರೋಣ. ವಾರಂಟಿ ಅಂದ್ರೆ ತಯಾರಿಕೆಯ ದೋಷಕ್ಕೆ ಕಂಪನಿ ಕೊಡೋ ಭರವಸೆ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ಥರ ಸವೆಯೋ ಸಾಮಾನು ಸಾಮಾನ್ಯವಾಗಿ ಅದರೊಳಗೆ ಬರಲ್ಲ. ಅವಧಿಯೂ ಬೇರೆ ಬೇರೆ. ಮಾರುತಿ ಸುಝುಕಿ 2024ರ ಜುಲೈನಲ್ಲಿ ತನ್ನ ವಾರಂಟಿಯನ್ನ 2 ವರ್ಷ ಅಥವಾ 40,000 ಕಿಲೋಮೀಟರ್‌ನಿಂದ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್‌ಗೆ ಏರಿಸಿತು. ನಿಮ್ಮದು ಎಷ್ಟು ಅಂತ ಪುಸ್ತಕದಲ್ಲೇ ಇರುತ್ತೆ.

ಹೊರಗೆ ಮಾಡಿಸಿದ್ರೆ ಇಡೀ ವಾರಂಟಿ ರದ್ದು ಮಾಡಬಹುದಾ? ಇದೇ ಪ್ರಶ್ನೆ ನಮ್ಮ ದೇಶದಲ್ಲಿ ದೊಡ್ಡ ಕೇಸ್ ಆಗಿದೆ. 2011ರಲ್ಲಿ ಶಂಶೇರ್ ಕಟಾರಿಯಾ ಅನ್ನೋರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ರು: ಕಾರ್ ಕಂಪನಿಗಳು ಬಿಡಿಭಾಗ, ತಪಾಸಣೆ ಉಪಕರಣ ಎರಡನ್ನೂ ತಮ್ಮ ಡೀಲರ್‌ಗಳಿಗೆ ಬಿಟ್ಟು ಹೊರಗಿನ ಗ್ಯಾರೇಜಿಗೆ ಸಿಗದ ಹಾಗೆ ಮಾಡ್ತಿವೆ ಅಂತ. 2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳಿಗೆ ಒಟ್ಟು 2,544.64 ಕೋಟಿ ರೂಪಾಯಿ ದಂಡ ಹಾಕಿತು. ಹೊರಗಿನ ಗ್ಯಾರೇಜಿಗೆ ಹೋದ್ರು ಅನ್ನೋ ಒಂದೇ ಕಾರಣಕ್ಕೆ ವಾರಂಟಿಯನ್ನ ಸಾರಾಸಗಟಾಗಿ ರದ್ದು ಮಾಡೋ ಷರತ್ತು ಹಾಕಬಾರದು, ಅಲ್ಲಿ ಕೆಟ್ಟದಾಗಿ ಮಾಡಿದ ರಿಪೇರಿಯಿಂದ ಆದ ಹಾನಿಯಷ್ಟಕ್ಕೆ ಮಾತ್ರ ನಿರಾಕರಿಸಬಹುದು ಅಂತಲೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು, 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಮೂರು ಕಂಪನಿಗಳ ದಂಡ ಇಳಿಸಿತು. ಅಮೆರಿಕದಲ್ಲಿ ಇಂಥದ್ದೇ ರಕ್ಷಣೆ 1975ರ ಕಾನೂನಿನಿಂದಲೇ ಇದೆ.

ಹಾಗಾದ್ರೆ ವಾರಂಟಿ ಇರೋವಾಗಲೇ ಹೊರಗೆ ಮಾಡಿಸೋಣ ಅಂತೀರಾ? ನಾನು ಬೇಡ ಅಂತೀನಿ. ಆದೇಶ ಒಂದು ಕಡೆ, ಕೌಂಟರ್ ಮುಂದೆ ನಿಂತು ಜಗಳ ಆಡೋದು ಇನ್ನೊಂದು ಕಡೆ. ಎಂಜಿನ್ ಒಳಗೆ ಏನಾದ್ರೂ ಕೆಟ್ಟರೆ 'ನೀವು ಹೊರಗೆ ಹಾಕಿಸಿದ ಆಯಿಲ್‌ನಿಂದ ಆಗಿದ್ದು' ಅಂತ ಅವರು ಅಂತಾರೆ, 'ಅಲ್ಲ' ಅಂತ ತೋರಿಸೋಕೆ ನೀವು ಓಡಾಡಬೇಕು. ಪುಸ್ತಕದಲ್ಲಿ ಇರೋದಷ್ಟಕ್ಕೆ ವರ್ಷಕ್ಕೆ ಐದು ಸಾವಿರದ ಆಸುಪಾಸು ಕೊಟ್ಟು ಆ ತಲೆನೋವನ್ನ ದೂರ ಇಡೋದು ಲಾಭ. ಮೊದಲ ಮೂರು ಸರ್ವಿಸ್ 'ಫ್ರೀ' ಅಂತ ಇದ್ರೂ ಫ್ರೀ ಆಗಿರೋದು ಲೇಬರ್ ಮಾತ್ರ, ಆಯಿಲ್, ಫಿಲ್ಟರ್‌ಗೆ ದುಡ್ಡು ಕೊಡಬೇಕು. ಅದೂ ಗೊತ್ತಿರಲಿ.

ಮಾವನಿಗೆ ಹೇಳಿದ್ದು ಇಷ್ಟೇ: "ಪುಸ್ತಕ ಅವರ ಮುಂದಿಡಿ. ಜಗಳ ಬ್ಯಾಡ. 'ಇದ್ರಲ್ಲಿ ಇರೋದು ಮಾಡಿ, ಬ್ರೇಕ್ ಫ್ಲೂಯಿಡ್ ಸೇರಿಸಿ, ಮಿಕ್ಕಿದ್ದು ಬೇಡ' ಅನ್ನಿ. ಅದು ಮಾಡಿಸದಿದ್ರೆ ವಾರಂಟಿ ಹೋಗುತ್ತೆ ಅಂದ್ರೆ, 'ಹಂಗಂತ ಜಾಬ್ ಕಾರ್ಡ್ ಮ್ಯಾಲೆ ಬರ್ದು ಸಹಿ ಹಾಕ್ಕೊಡಿ' ಅನ್ನಿ. ತೆಗೆದ ಹಳೇ ಫಿಲ್ಟರ್ ವಾಪಸ್ ಕೇಳಿ."

ಅರ್ಧ ಗಂಟೆ ಬಿಟ್ಟು ಫೋನ್ ಬಂತು. "ಬರ್ದು ಕೊಡಿ ಅಂದಿದ್ದಕ್ಕೆ ಆ ಹುಡುಗ ನಕ್ಬಿಟ್ಟ ಕಣಪ್ಪಾ. 'ಸರಿ ಬಿಡಿ ಸಾರ್' ಅಂದ." ಬ್ರೇಕ್ ಫ್ಲೂಯಿಡ್‌ಗೆ 450 ಸೇರಿ ಬಿಲ್ 5,330 ಆಯ್ತು. ಆ ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಇಂಥ ಕೆಲಸದಲ್ಲಿ ತಿಂಗಳ ಟಾರ್ಗೆಟ್ ಇರೋದು ಮಾಮೂಲು, ಅವನ ಕಷ್ಟ ಅವನಿಗೆ.

ಒಂದು ವೇಳೆ ಅವರು ಒಪ್ಪದಿದ್ರೆ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲೂ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ, 5 ಲಕ್ಷದವರೆಗಿನ ವ್ಯಾಜ್ಯಕ್ಕೆ ಅಲ್ಲಿ ಶುಲ್ಕ ಇಲ್ಲ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿದೆ, ಅದರಲ್ಲಿ ವಾಹನಗಳೂ ಸೇರಿವೆ.

ಇನ್ನು ಬಿಲ್‌ನಲ್ಲಿ ಕಾಣದ ಖರ್ಚು. ವಳ್ಳೂರಿಂದ ತುಮಕೂರಿಗೆ ಹೋಗಿ ಬರೋಕೆ 200 ಕಿಲೋಮೀಟರ್ ಮೇಲಾಗುತ್ತೆ. ಲೀಟರಿಗೆ 20 ಕೊಟ್ರೂ ಹತ್ತು ಲೀಟರ್ ಪೆಟ್ರೋಲ್, ಅಲ್ಲಿಗೇ ಸಾವಿರ ರೂಪಾಯಿ ದಾಟಿತು. ಜೊತೆಗೆ ಒಂದು ದಿನದ ಕೆಲಸ ಹೋಯ್ತು. ಪಾವಗಡದವರಿಗೆ ಆಂಧ್ರದ ಊರುಗಳು ಸುತ್ತಲೂ ಹತ್ತಿರ. ಅದೇ ಕಂಪನಿಯ ಅಧಿಕೃತ ವರ್ಕ್‌ಶಾಪ್ ಆದ್ರೆ ಯಾವ ರಾಜ್ಯದಲ್ಲಿದ್ರೂ ನಡೆಯುತ್ತೆ, ಕೊಂಡ ಡೀಲರ್ ಹತ್ರವೇ ಹೋಗಬೇಕಂತಿಲ್ಲ. ಮಾರುತಿಯ ಸರ್ವಿಸ್ ಆನ್ ವೀಲ್ಸ್ ಥರ ವ್ಯಾನ್‌ನಲ್ಲಿ ಬಂದು ಸರ್ವಿಸ್ ಮಾಡೋ ವ್ಯವಸ್ಥೆಯೂ ಇದೆ. ನಿಮ್ಮ ಕಡೆ ಬರುತ್ತಾ ಅಂತ ಒಂದು ಫೋನ್ ಮಾಡಿ ಕೇಳೋದ್ರಲ್ಲಿ ನಷ್ಟ ಇಲ್ಲ.

ವಾರಂಟಿ ಮುಗಿದ ಮೇಲೆ ಲೆಕ್ಕ ತಿರುಗುತ್ತೆ. ಆಗ ಪಾವಗಡದಲ್ಲೇ ಒಬ್ಬ ಒಳ್ಳೆ ಮೆಕ್ಯಾನಿಕ್‌ನ ಹಿಡಿಯಬಹುದು, ಲೇಬರ್ ಅರ್ಧಕ್ಕರ್ಧ ಉಳಿಯಬಹುದು. ಆದ್ರೆ ಅವನು ಡಬ್ಬದಿಂದ ಸುರಿಯೋ ಆಯಿಲ್ ಯಾವುದು ಅಂತ ನೋಡಬೇಕಾದ್ದು ನೀವೇ. ಪುಸ್ತಕದಲ್ಲಿ 0ಡಬ್ಲ್ಯೂ-20 ಅಂತ ಇದ್ರೆ ಅದೇ ಬೇಕು, 'ಇದು ಇನ್ನೂ ದಪ್ಪ, ಗಟ್ಟಿ ಇರುತ್ತೆ' ಅನ್ನೋ ಮಾತಿಗೆ ಮರುಳಾಗಬೇಡಿ. ಫಿಲ್ಟರ್‌ನ ಎಂಆರ್‌ಪಿ ಇರೋ ಕಂಪನಿ ಡಬ್ಬದಲ್ಲೇ ತನ್ನಿ. ಕೈಬರಹದ ಚೀಟಿ ಬೇಡ, ಜಿಎಸ್‌ಟಿ ಬಿಲ್ ತಗೊಳ್ಳಿ. ಬಿಲ್ ಜೊತೆ ಓಡೋಮೀಟರ್ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ನಾಳೆ ಕಾರ್ ಮಾರೋವಾಗ, 'ಸರ್ವಿಸ್ ಹಿಸ್ಟರಿ ಇದ್ಯಾ' ಅಂತ ಕೇಳಿದ್ರೆ ತೋರಿಸೋಕೆ ಅದೇ ಸಿಗೋದು.

ಮಾವ ಹಳೇ ಏರ್ ಫಿಲ್ಟರ್ ವಾಪಸ್ ತಂದಿದ್ರು. ಜಗಲಿ ಕಟ್ಟೆಗೆ ತಟ್ಟಿದ್ರೆ ಒಂದು ಹಿಡಿ ಕೆಂಪು ಮಣ್ಣು ಉದುರಿತಂತೆ. ಅತ್ತೆ ನೋಡಿ, "ಇದನ್ನ ಎರಡು ವರ್ಷ ಯಾಕ್ ಬಿಟ್ರಿ" ಅಂದ್ರಂತೆ. ಈ ಸಲ ಒಂದು ವರ್ಷಕ್ಕೇ ಬಿಚ್ಚಿ ನೋಡ್ತಾರಂತೆ.