ಕಳ್ಳ ಕ್ಲಿಕ್ಕಿನ ಬೆನ್ನು ಹತ್ತಿ

ಅಂತರ್ಜಾಲದ ಜಾಹೀರಾತಿಗೆ ಕ್ಲಿಕ್ಕಿನ ಲೆಕ್ಕದಲ್ಲಿ ದುಡ್ಡು ಕೊಡುವ ಪದ್ಧತಿ ಬೇರೂರಿದ್ದು 1998ರಲ್ಲಿ, ಅಮೆರಿಕದ ಬಿಲ್ ಗ್ರಾಸ್ ಆರಂಭಿಸಿದ ಗೋಟು ಡಾಟ್ ಕಾಮ್ ಎಂಬ ಹುಡುಕುತಾಣದಿಂದ. ಅದಕ್ಕೂ ಮೊದಲು ಜಾಹೀರಾತು ಎಷ್ಟು ಸಲ ಪರದೆಯ ಮೇಲೆ ಮೂಡಿತು ಎಂಬುದಕ್ಕೆ ಬೆಲೆಯಿತ್ತು. ಒತ್ತಿದರೆ ಮಾತ್ರ ಹಣ ಎಂಬ ಲೆಕ್ಕ ಸಣ್ಣ ಅಂಗಡಿಯವರಿಗೂ ಹಿಡಿಸಿತು. 2002ರಲ್ಲಿ ಗೂಗಲ್ ಕೂಡ ಅದೇ ದಾರಿ ಹಿಡಿಯಿತು. ಮರುವರ್ಷ ಬಂದ ಆಡ್‌ಸೆನ್ಸ್, ಬೇರೆಯವರ ತಾಣಗಳಲ್ಲಿ ಜಾಹೀರಾತು ಹಾಕಿ ಬಂದ ಹಣದಲ್ಲಿ ತಾಣದ ಒಡೆಯರಿಗೂ ಪಾಲು ಕೊಡತೊಡಗಿತು. ಪ್ರತಿಸ್ಪರ್ಧಿಯ ಜಾಹೀರಾತನ್ನು ಒತ್ತಿ ಒತ್ತಿ ಅವನ ಜೇಬು ಖಾಲಿ ಮಾಡುವ ಕುತಂತ್ರ ಮೊದಲೇ ಇತ್ತು. ತನ್ನದೇ ತಾಣದ ಜಾಹೀರಾತು ಒತ್ತಿ ಜೇಬು ತುಂಬಿಕೊಳ್ಳುವ ಆಸೆ ಈಗ ಅದಕ್ಕೆ ಸೇರಿಕೊಂಡಿತು.

ಆರಂಭದ ದಿನಗಳಲ್ಲಿ ಈ ಕೆಲಸವನ್ನು ಮನುಷ್ಯರೂ ಮಾಡುತ್ತಿದ್ದರು. ಮನೆಯಲ್ಲೇ ಕೂತು ಜಾಹೀರಾತು ಒತ್ತಿ ಕಾಸು ಸಂಪಾದಿಸುವವರ ಸುದ್ದಿ 2004ರಲ್ಲಿ ಭಾರತದ ಪತ್ರಿಕೆಗಳಲ್ಲೂ ಬಂದಿತ್ತು. ಕಾವಲು ಸರಳವಾಗಿತ್ತು: ಒಂದೇ ಐಪಿ ವಿಳಾಸದಿಂದ ಅಲ್ಪ ಸಮಯದಲ್ಲಿ ಹಲವು ಕ್ಲಿಕ್ ಬಂದರೆ ಹೆಚ್ಚಿನವನ್ನು ಕೈಬಿಡುವುದು. ಅದರಲ್ಲೂ ತೊಡಕು. ವಿಂಡೋಸ್‌ಗೆ ಒಗ್ಗಿಹೋದ ಅನೇಕರು ಜಾಲದ ಕೊಂಡಿಯನ್ನೂ ಎರಡು ಸಲ ಒತ್ತುತ್ತಾರೆ. ಉದ್ದೇಶ ಒಂದೇ, ಕ್ಲಿಕ್ ಎರಡು. 2005ರವರೆಗೆ ಗೂಗಲ್ ಆ ಎರಡನೆಯದಕ್ಕೂ ಹಣ ಪಡೆಯುತ್ತಿತ್ತು.

ಈ ಸಂಗತಿ ಹೊರಬಿದ್ದದ್ದು ಮೊಕದ್ದಮೆಯಿಂದ. ಕಳ್ಳ ಕ್ಲಿಕ್ಕಿಗೂ ತಮ್ಮಿಂದ ದುಡ್ಡು ವಸೂಲಾಗುತ್ತಿದೆ ಎಂದು ಲೇನ್ಸ್ ಗಿಫ್ಟ್ಸ್ ಎಂಬ ಅಂಗಡಿ 2005ರಲ್ಲಿ ಅರ್ಕನ್ಸಾದ ನ್ಯಾಯಾಲಯಕ್ಕೆ ಹೋಯಿತು. ಮರುವರ್ಷ ಗೂಗಲ್ 9 ಕೋಟಿ ಡಾಲರ್‌ಗೆ ರಾಜಿಯಾಯಿತು. ಗೂಗಲ್‌ನ ಪತ್ತೆ ವ್ಯವಸ್ಥೆಯನ್ನು ಒಳಹೊಕ್ಕು ನೋಡಿದ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲೆಕ್ಸಾಂಡರ್ ತುಝಿಲಿನ್, ಕಂಪನಿಯ ಪ್ರಯತ್ನ ಸಮಂಜಸ ಎಂದೇ ಬರೆದರು. ಆದರೆ ಅವರ ವರದಿಯ ನಿಜವಾದ ತಿರುಳು ಬೇರೆ. ಯಾವ ಕ್ಲಿಕ್ ಅಮಾನ್ಯ ಎಂಬ ನಿಯಮವನ್ನು ಬಹಿರಂಗಪಡಿಸಿದರೆ ಮೋಸಗಾರರು ಅದರ ಸಂದಿಯಲ್ಲೇ ನುಸುಳುತ್ತಾರೆ; ಮುಚ್ಚಿಟ್ಟರೆ ಯಾವುದಕ್ಕೆ ಹಣ ಕೊಟ್ಟೆವೆಂಬುದು ಜಾಹೀರಾತುದಾರರಿಗೆ ತಿಳಿಯುವುದಿಲ್ಲ. ಈ ಗಂಟು ಇಂದಿಗೂ ಬಿಚ್ಚಿಲ್ಲ.

ವರದಿ ಬಂದ 2006ರಲ್ಲೇ ಕ್ಲಿಕ್‌ಬಾಟ್.ಎ ಎಂಬ ಕುತಂತ್ರಾಂಶವೂ ಕಾಣಿಸಿಕೊಂಡಿತು. ಮೇ ತಿಂಗಳಲ್ಲಿ ನೂರರಷ್ಟಿದ್ದ ಸೋಂಕಿತ ಕಂಪ್ಯೂಟರುಗಳು ಜೂನ್‌ನಲ್ಲಿ ಲಕ್ಷ ದಾಟಿದವು. ಒಂದೊಂದು ಯಂತ್ರವೂ ಬೆರಳೆಣಿಕೆಯಷ್ಟು ಕ್ಲಿಕ್ ಮಾಡಿ ಸುಮ್ಮನಾಗುತ್ತಿತ್ತು. ವಿಳಾಸ ಎಣಿಸುವ ಕಾವಲಿಗೆ ಅಲ್ಲಿ ದಕ್ಕುವುದೇನೂ ಇರಲಿಲ್ಲ. ಹೀಗಾಗಿ ಪತ್ತೆಯ ನೋಟ ಎಣಿಕೆಯಿಂದ ನಡವಳಿಕೆಯತ್ತ ಹೊರಳಿತು. ಒತ್ತಿದವರು ಆಮೇಲೆ ಪುಟದಲ್ಲಿ ಉಳಿದರೇ, ಏನಾದರೂ ಕೊಂಡರೇ? ಮೌಸ್ ಅಲುಗಾಡಿತೇ, ಅಥವಾ ನೆಟ್ಟಗೆ ಗುರಿಗೆ ಹಾರಿತೇ? ಬ್ರೌಸರ್ ತಾನು ಹೇಳಿಕೊಂಡದ್ದೇ ಹೌದೇ? ವಿಳಾಸ ಮನೆಯದೋ, ಡೇಟಾ ಸೆಂಟರಿನದೋ?

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವಂತೆ ಇವೆಲ್ಲಕ್ಕೂ ಉತ್ತರ ಸಿದ್ಧಪಡಿಸಿಕೊಂಡು ಬಂದ ವಂಚನಾಜಾಲವೇ ಮೆಥ್‌ಬಾಟ್. ನ್ಯೂಯಾರ್ಕಿನ ವೈಟ್ ಆಪ್ಸ್ ಕಂಪನಿ 2016ರ ಡಿಸೆಂಬರಿನಲ್ಲಿ ಅದರ ಬಣ್ಣ ಬಯಲು ಮಾಡಿತು. ಇಲ್ಲಿ ಕ್ಲಿಕ್ಕಿಗಿಂತ ಹೆಚ್ಚಾಗಿ ವಿಡಿಯೊ ಜಾಹೀರಾತಿನ ವೀಕ್ಷಣೆಯೇ ಸರಕು. ಬಾಡಿಗೆಗೆ ಪಡೆದ ಸುಮಾರು 1,900 ಸರ್ವರ್‌ಗಳಲ್ಲಿ ಓಡುತ್ತಿದ್ದ, ಮನುಷ್ಯರ ಸೋಗು ಹಾಕಿದ ತಂತ್ರಾಂಶಗಳಾದ ಬಾಟ್‌ಗಳು ಮೌಸ್ ಆಡಿಸುತ್ತಿದ್ದವು, ವಿಡಿಯೊವನ್ನು ನಡುವೆ ನಿಲ್ಲಿಸುತ್ತಿದ್ದವು, ಫೇಸ್‌ಬುಕ್‌ಗೆ ಲಾಗಿನ್ ಆಗಿರುವಂತೆ ನಟಿಸುತ್ತಿದ್ದವು. ಲಕ್ಷಗಟ್ಟಲೆ ಐಪಿ ವಿಳಾಸಗಳನ್ನು ಮನೆಬಳಕೆಯ ಸಂಪರ್ಕವೆಂದು ಸುಳ್ಳೇ ನೋಂದಾಯಿಸಲಾಗಿತ್ತು. ಹೆಸರಾಂತ ತಾಣಗಳ ವಿಳಾಸವನ್ನು ನಕಲು ಮಾಡಿದ್ದರಿಂದ ಕೊಳ್ಳುವವರಿಗೆ ಅನುಮಾನವೇ ಬರಲಿಲ್ಲ. ಈ ಬಗೆಯ ಸೋಗನ್ನು ತಡೆಯಲು 2017ರಲ್ಲಿ ಆಡ್ಸ್.ಟಿಎಕ್ಸ್‌ಟಿ ಬಂತು: ತನ್ನ ಜಾಗ ಮಾರಲು ಯಾರಿಗೆಲ್ಲ ಅಧಿಕಾರವಿದೆ ಎಂದು ತಾಣವೇ ಸಾರುವ ಪುಟ್ಟ ಕಡತ. ಬಾಟ್ ಹಿಡಿಯುವ ಎಷ್ಟೋ ಜಾಣ ತಂತ್ರಗಳಿಗಿಂತ ಈ ಸಾದಾ ಪಟ್ಟಿಯೇ ನೇರವಾದ ಮದ್ದು.

ಮೆಥ್‌ಬಾಟ್‌ನ ರೂವಾರಿ, ರಷ್ಯಾದ ಅಲೆಕ್ಸಾಂಡರ್ ಝುಕೋವ್ 2018ರಲ್ಲಿ ಬಲ್ಗೇರಿಯಾದಲ್ಲಿ ಸಿಕ್ಕಿಬಿದ್ದ. 2021ರಲ್ಲಿ ಅಮೆರಿಕದ ನ್ಯಾಯಾಲಯ 10 ವರ್ಷ ಸಜೆ ವಿಧಿಸಿತು. ದಿನಕ್ಕೆ 30ರಿಂದ 50 ಲಕ್ಷ ಡಾಲರ್ ಲೂಟಿ ಎಂದು ವೈಟ್ ಆಪ್ಸ್ ಅಂದಾಜಿಸಿತ್ತು. ಸರ್ಕಾರಿ ವಕೀಲರು ಮುಂದಿಟ್ಟದ್ದು ಒಟ್ಟಾರೆ 70 ಲಕ್ಷ ಡಾಲರ್ ಮೀರಿದ ಮೊತ್ತವನ್ನಷ್ಟೆ. ಬಾಟ್ ಹಿಡಿಯುವುದನ್ನೇ ವ್ಯಾಪಾರ ಮಾಡಿಕೊಂಡವರು ಕೊಡುವ ಅಂಕಿಗಳನ್ನೂ ಒಂದಿಷ್ಟು ಅನುಮಾನದಿಂದಲೇ ಓದಬೇಕು.