ಸಮ್ಮೋಹನಾಸ್ತ್ರವೂ ಯುದ್ಧಧರ್ಮವೂ

ಮಳೆಗಾಗಿ ವಿರಾಟಪರ್ವವನ್ನು ಓದಿಸುವ ರೂಢಿ ಕನ್ನಡನಾಡಿನಲ್ಲುಂಟು. ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ವಾಚಕರಿಗೆ ಅದರ ಗೋಗ್ರಹಣ ಪ್ರಸಂಗವು ಸುಪರಿಚಿತವೇ. ಅಲ್ಲಿ ಅರ್ಜುನನು ಸಮ್ಮೋಹನಾಸ್ತ್ರದಿಂದ, ಭೀಷ್ಮನೊಬ್ಬನ ಹೊರತು, ಕುರುವೀರರ ಪ್ರಜ್ಞೆಯನ್ನು ಅಪಹರಿಸುತ್ತಾನೆ. ಮೈಗೆ ಗಾಯಮಾಡದೆ ಬುದ್ಧಿಯನ್ನೇ ಹೊಡೆಯುವ ಆಯುಧವು ಧರ್ಮ್ಯವೇ? ಮಿದುಳನ್ನು ಗುರಿಯಾಗಿಸುವ ಆಯುಧಗಳ ವಿಷಯದಲ್ಲಿ ಇಂದಿನ ನ್ಯಾಯವೇತ್ತರ ಪ್ರಶ್ನೆಯೂ ಇದೇ.

ವ್ಯಾಸಭಾರತವು ಅಸ್ತ್ರವನ್ನು ನಿಂದಿಸಿಲ್ಲ. ಪ್ರಯೋಗಾನಂತರದ ನಡತೆಯನ್ನು ತೂಗಿದೆ. ಮೂರ್ಛಿತರಿಂದ ಉತ್ತರನು ವಸ್ತ್ರಗಳನ್ನು ಮಾತ್ರ ತಂದನು. ಪಾರ್ಥನು ಕ್ರೂರಕರ್ಮಕ್ಕೆ ಮನಸ್ಸುಮಾಡದ್ದರಿಂದಲೇ ಎಲ್ಲರೂ ಉಳಿದರೆಂದು ಭೀಷ್ಮನು ಎಚ್ಚೆತ್ತ ದುರ್ಯೋಧನನಿಗೆ ತಿಳಿಸುತ್ತಾನೆ. ನಿದ್ರಿತನನ್ನು ಹೊಡೆಯಬಾರದೆಂಬ ಮನುವಿನ ವಿಧಿಗೂ ಇದು ಸಮ್ಮತ.

ಇಂದಿನ ಶಾಸನವು ಇನ್ನೂ ಮುಂದೆ ಹೋಗಿದೆ. 1993ರ ರಾಸಾಯನಿಕ ಅಸ್ತ್ರ ನಿಷೇಧದ ಒಪ್ಪಂದವು, ಕೊಲ್ಲದೆ ತಾತ್ಕಾಲಿಕವಾಗಿ ಅಶಕ್ತಗೊಳಿಸುವ ವಿಷದ್ರವ್ಯವನ್ನೂ ಯುದ್ಧದಲ್ಲಿ ಬಳಸಗೊಡದು. ಭಾರತವು ಅದನ್ನು 1996ರಲ್ಲಿ ಅನುಮೋದಿಸಿತು. ಆದರೆ ದ್ರವ್ಯವಿಲ್ಲದೆ ತರಂಗಮಾತ್ರದಿಂದ ಬುದ್ಧಿಗೆಡಿಸುವ ಆಯುಧವು ಆ ಒಪ್ಪಂದದ ವ್ಯಾಪ್ತಿಗೆ ಬಾರದು. ಅಲ್ಲಿ ಉಳಿಯುವುವು ಯೋಧರನ್ನೂ ಜನಸಾಮಾನ್ಯರನ್ನೂ ಬೇರ್ಪಡಿಸಬೇಕು, ನಿರರ್ಥಕ ಯಾತನೆಯನ್ನು ಕೊಡಬಾರದು ಎಂಬ ಸಾಮಾನ್ಯ ನಿಯಮಗಳೇ.

ಕೊಲ್ಲುವುದಿಲ್ಲವೆಂಬುದೊಂದೇ ಆಯುಧವನ್ನು ಧರ್ಮ್ಯವಾಗಿಸದು. ಅರಿವಳಿದವನು ಶರಣೆನ್ನಲೂ ಆರನು. ಆದುದರಿಂದ ಅವನ ರಕ್ಷಣೆಯನ್ನು ಗೆದ್ದವನ ಕೃಪೆಗೆ ಬಿಡದೆ ಸ್ಪಷ್ಟವಾದ ವಿಧಿಯಿಂದಲೇ ಕಟ್ಟತಕ್ಕದ್ದು. ಪ್ರಯೋಗಿಸುವವನು ಪ್ರತಿಸಲವೂ ಅರ್ಜುನನೇ ಆಗಿರುವನೆಂದು ನಂಬಲಾಗದು.