ಹತ್ತು ಸೆಂಟಿಮೀಟರಿನ ತಕರಾರು

ತೊಂಬತ್ತರ ದಶಕದಲ್ಲಿ ಅಮೆರಿಕದವರಿಗೆ ಬೀನಿ ಬೇಬಿ ಎಂಬ ಗೊಂಬೆಯ ಹುಚ್ಚು ಹಿಡಿದಿತ್ತು. ಗೊಂಬೆಯನ್ನು ಜೋಪಾನವಾಗಿ ಇಡಲೆಂದೇ ಪ್ಲಾಸ್ಟಿಕ್ ಡಬ್ಬಿಗಳು ಅಂಗಡಿಯಲ್ಲಿ ಸಿಗುತ್ತಿದ್ದವು. ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಬಾಬ್ ಟ್ವಿಗ್ಸ್ ಕಣ್ಣು ಬಿದ್ದದ್ದು ಆ ಡಬ್ಬಿಯ ಮೇಲೆ. ಕೋರ್ಸ್ ಮುಗಿಯುವುದರೊಳಗೆ ವಿದ್ಯಾರ್ಥಿಗಳೇ ಕಟ್ಟಬಲ್ಲ ಉಪಗ್ರಹ ಎಷ್ಟು ಚಿಕ್ಕದಿರಬಹುದು ಎಂದು ಅವರು ತಲೆ ಕೆಡಿಸಿಕೊಂಡಿದ್ದರು. ಸೌರಫಲಕ ಅಂಟಿಸಲು ಈ ಡಬ್ಬಿಯ ಮೈ ಸಾಕೆನಿಸಿತು. 1999ರಲ್ಲಿ ಅವರೂ ಕ್ಯಾಲಿಫೋರ್ನಿಯಾ ಪಾಲಿಟೆಕ್ನಿಕ್‌ನ ಜೋರ್ಡಿ ಪುಯಿಗ್-ಸುವಾರಿಯವರೂ ಸೇರಿ ಅಳತೆ ಗೊತ್ತುಮಾಡಿದರು: ಉದ್ದ, ಅಗಲ, ಎತ್ತರ ಮೂರೂ 10 ಸೆಂಟಿಮೀಟರ್, ತೂಕ ಹತ್ತಿರಹತ್ತಿರ ಒಂದು ಕಿಲೊ. ಹೆಸರು ಕ್ಯೂಬ್‌ಸ್ಯಾಟ್.

ನಿಜವಾದ ಜಾಣತನ ಇದ್ದದ್ದು ಅದನ್ನು ಹೊರದಬ್ಬುವ ಪೆಟ್ಟಿಗೆಯಲ್ಲಿ. ಮೂರು ಘನಗಳನ್ನು ಒಂದರ ಹಿಂದೊಂದು ತುಂಬಿ ಬಾಗಿಲು ಮುಚ್ಚುತ್ತಾರೆ. ಕಕ್ಷೆ ತಲುಪಿದ ಮೇಲೆ ಬಾಗಿಲು ತೆರೆದುಕೊಂಡು ಸ್ಪ್ರಿಂಗ್ ಅವನ್ನು ತಳ್ಳುತ್ತದೆ. ಹುಡುಗರ ಉಪಗ್ರಹ ಒಳಗೇ ಕೆಟ್ಟು ಕೂತರೂ ಪಕ್ಕದ ಕೋಟಿಗಟ್ಟಲೆ ಬೆಲೆಯ ಉಪಗ್ರಹಕ್ಕೆ ಧಕ್ಕೆಯಿಲ್ಲ. ರಾಕೆಟ್‌ನವರು ಜಾಗ ಕೊಡಲು ಇಷ್ಟು ಭರವಸೆ ಬೇಕಿತ್ತು. 2003ರ ಜೂನ್ 30ರಂದು ರಷ್ಯಾದ ಪ್ಲೆಸೆಟ್ಸ್ಕ್‌ನಿಂದ ಮೊದಲ ತಂಡ ಏರಿತು. 2010ರ ಜುಲೈನಲ್ಲಿ ನಮ್ಮ ಸರದಿ. ಬೆಂಗಳೂರು, ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಕಿಲೊಗೂ ಕಡಿಮೆ ತೂಕದ ಸ್ಟುಡ್‌ಸ್ಯಾಟ್ ಪಿಎಸ್‌ಎಲ್‌ವಿಯಲ್ಲಿ ಹೋಯಿತು. ಅದರ ಸಂಕೇತ ಹಿಡಿಯುವ ಭೂಕೇಂದ್ರ ಯಲಹಂಕದ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿತ್ತು.

ಇಂಥವು ಹೋಗುವುದು ಲಾರಿಯಲ್ಲಿ ಲಿಫ್ಟ್ ಕೇಳಿದಂತೆ. ಲಾರಿ ಹೋದಲ್ಲಿ ಇಳಿಯಬೇಕು. ಇಳಿದ ಮೇಲೆ ದಾರಿ ಬದಲಿಸೋಣವೆಂದರೆ ಹೆಚ್ಚಿನವಕ್ಕೆ ಎಂಜಿನ್ನೇ ಇಲ್ಲ. 500 ಕಿ.ಮೀ. ಎತ್ತರದಲ್ಲಿ ಬಿಟ್ಟರೆ ಅಲ್ಲಿನ ತೆಳು ಗಾಳಿಯೇ ಕೆಲವು ವರ್ಷಗಳಲ್ಲಿ ಎಳೆದು ಸುಟ್ಟುಹಾಕುತ್ತದೆ. 800 ಕಿ.ಮೀ. ಆದರೆ ಶತಮಾನದ ಮಾತು. 2003ರ ತಂಡವನ್ನು ಬಿಟ್ಟದ್ದು ಆ ಎತ್ತರದಲ್ಲೇ. ಅಗ್ಗದ ಲೆಕ್ಕದಲ್ಲಿ ಹತ್ತುವ ಖರ್ಚು ಬರೆದರು, ಇಳಿಯುವ ಖರ್ಚು ಬರೆಯಲಿಲ್ಲ.

ಹಾಗೆಂದು ಬಾಹ್ಯಾಕಾಶದ ಕಸವನ್ನೆಲ್ಲ ಈ ಸಣ್ಣವುಗಳ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. 2009ರ ಫೆಬ್ರುವರಿಯಲ್ಲಿ ಸೈಬೀರಿಯಾದ ಮೇಲೆ ಡಿಕ್ಕಿಯಾಗಿ ಎರಡು ಸಾವಿರಕ್ಕೂ ಹೆಚ್ಚು ಚೂರುಗಳಾದ ಇರಿಡಿಯಂ, ಕಾಸ್ಮೋಸ್ ಎರಡೂ ಭಾರೀ ಉಪಗ್ರಹಗಳು. 2001ರ ಡಿಸೆಂಬರಿನಲ್ಲಿ ನಮ್ಮದೇ ಪಿಎಸ್‌ಎಲ್‌ವಿಯ ನಾಲ್ಕನೇ ಹಂತ ಮೇಲೆ ಸಿಡಿದು ಮುನ್ನೂರಕ್ಕೂ ಹೆಚ್ಚು ಚೂರಾಯಿತು. ಈಕ್ವೆಡಾರ್‌ನ ಮೊದಲ ಉಪಗ್ರಹ ಪೆಗಾಸೊ ಒಂದು ಕ್ಯೂಬ್‌ಸ್ಯಾಟ್. ಹೋಗಿ ತಿಂಗಳೂ ತುಂಬಿರಲಿಲ್ಲ, 2013ರ ಮೇ 23ರಂದು ಹಿಂದೂ ಮಹಾಸಾಗರದ ಮೇಲೆ ಹಳೆಯ ಸೋವಿಯತ್ ರಾಕೆಟ್ಟಿನ ಚೂರುಗಳು ಸವರಿಕೊಂಡು ಹೋದವು. ಅದು ಅಡ್ಡಾದಿಡ್ಡಿ ತಿರುಗತೊಡಗಿತು.

ಸಣ್ಣವರ ಮೇಲಿನ ನಿಜವಾದ ತಕರಾರು ಬೇರೆ: ಕಣ್ಣಿಗೆ ಬೀಳಬೇಕಲ್ಲ? ಅಮೆರಿಕದ ನೆಲದ ರೇಡಾರ್‌ಗಳು ಖಾತ್ರಿಯಾಗಿ ಹಿಂಬಾಲಿಸುತ್ತಿದ್ದದ್ದು ಸುಮಾರು 10 ಸೆಂಟಿಮೀಟರಿಗಿಂತ ದೊಡ್ಡದನ್ನು. ಸ್ವಾರ್ಮ್ ಎಂಬ ಅಲ್ಲಿನ ಕಂಪನಿ ಕ್ಯೂಬ್‌ಸ್ಯಾಟನ್ನು ನಾಲ್ಕು ಹೋಳು ಮಾಡಿದಷ್ಟು ತೆಳ್ಳಗಿನ, ಮೂರು ಸೆಂಟಿಮೀಟರೂ ದಪ್ಪವಿಲ್ಲದ 'ಸ್ಪೇಸ್‌ಬೀ'ಗಳನ್ನು ಮಾಡಿತು. 2017ರ ಡಿಸೆಂಬರಿನಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಕ ಎಫ್‌ಸಿಸಿ ಅನುಮತಿ ನಿರಾಕರಿಸಿತು: ಇಷ್ಟು ತೆಳುವಾದದ್ದು ಕಾಣದು, ಕಾಣದ್ದರಿಂದ ತಪ್ಪಿಸಿಕೊಳ್ಳಲಾಗದು. ರೇಡಾರ್‌ಗೆ ಎದ್ದು ಕಾಣಲೆಂದು ಪ್ರತಿಫಲಕ ಹಾಕಿದ್ದೇವೆ ಎಂಬ ವಾದ ನಡೆಯಲಿಲ್ಲ. ಆದರೂ 2018ರ ಜನವರಿ 12ರ ಬೆಳಗ್ಗೆ ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ-ಸಿ40ರ 31 ಉಪಗ್ರಹಗಳಲ್ಲಿ ನಾಲ್ಕು ಸ್ಪೇಸ್‌ಬೀಗಳಿದ್ದವು! ವರ್ಷದ ಕೊನೆಗೆ 9 ಲಕ್ಷ ಡಾಲರ್ ದಂಡ ಬಿತ್ತು. ತಮಾಷೆಯೆಂದರೆ ಆ ನಾಲ್ಕೂ ರೇಡಾರ್‌ಗೆ ಕಂಡವು. 2019ರಲ್ಲಿ ಅದೇ ಎಫ್‌ಸಿಸಿ 150 ಸ್ಪೇಸ್‌ಬೀಗಳಿಗೆ ಒಪ್ಪಿತು, 2021ರ ಫೆಬ್ರುವರಿಯಲ್ಲಿ ಹನ್ನೆರಡು ಶ್ರೀಹರಿಕೋಟಾದಿಂದಲೇ ಏರಿದವು.

ಕೆಲಸ ಮುಗಿದ ಉಪಗ್ರಹ 25 ವರ್ಷದೊಳಗೆ ಕೆಳಗಿಳಿಯಬೇಕೆಂಬ ಹಳೆಯ ಮಾರ್ಗಸೂಚಿಯನ್ನು 2022ರಲ್ಲಿ ಎಫ್‌ಸಿಸಿ ಐದು ವರ್ಷಕ್ಕೆ ಇಳಿಸಿತು. ಅದೇ ವರ್ಷ ಬೆಂಗಳೂರಿನ ಪೀಣ್ಯದಲ್ಲಿ ಇಸ್ರೊ ಕಸದ ಮೇಲೆ ಕಣ್ಣಿಡುವ ಕೇಂದ್ರ ತೆರೆಯಿತು. ಎಂಜಿನ್ ಇಲ್ಲದ ಡಬ್ಬಿಯವರಿಗೆ ಈಗ ಇರುವ ದಾರಿ ಎರಡೇ: ತಗ್ಗಿನ ಕಕ್ಷೆಗೆ ಹೋಗುವ ರಾಕೆಟ್ಟಿಗೆ ಕಾಯಬೇಕು, ಇಲ್ಲವೇ ಗಾಳಿಗೆ ಎದೆಯೊಡ್ಡುವ ಪಟವೊಂದನ್ನು ಮಡಚಿ ಆ ಇಕ್ಕಟ್ಟಿನಲ್ಲೇ ತುರುಕಬೇಕು.